ಡಬ್ಬಿಯೊಳಗೆ ಹ್ಯಾಮಂಡ್ ಆರ್ಗನ್: 91 ಚಕ್ರ, ಒಂಬತ್ತು ಡ್ರಾಬಾರ್

ಹ್ಯಾಮಂಡ್ ಬಿ-3 ಆರ್ಗನ್ ಅಂದ್ರೆ ಕರೆಂಟಿನಿಂದ ಓಡುವ ಹಳೆಯ ಕೀಬೋರ್ಡ್ ವಾದ್ಯ. ಅದರ ತೂಕ, ಬೆಂಚು ಮತ್ತು ಕಾಲಿನ ಪೆಡಲ್ ಸೇರಿ, ಸುಮಾರು 190 ಕೆಜಿ. ಅದರ ಪಕ್ಕ ನಿಲ್ಲಬೇಕಾದ, ದನಿಯನ್ನು ತಿರುಗಿಸಿ ಬಿಡುವ ಲೆಸ್ಲಿ ಸ್ಪೀಕರ್ ಪೆಟ್ಟಿಗೆ ಒಂದು ಮೀಟರಿಗಿಂತ ಎತ್ತರ. ಎರಡನ್ನೂ ಬಾಡಿಗೆ ಮನೆಯ ಮೆಟ್ಟಿಲು ಹತ್ತಿಸುವ ಮಾತೇ ಇಲ್ಲ. ಹತ್ತಿಸಿದರೂ ಇನ್ನೊಂದು ತೊಂದರೆ ಇದೆ. ಅಮೆರಿಕದಲ್ಲಿ ಮಾರಿದ ಬಿ-3ಯ ಮೋಟಾರು 60 ಹರ್ಟ್ಸ್ ಕರೆಂಟಿಗೆ ಮಾಡಿದ್ದು. ಕರೆಂಟಿನ ಲಯ ಹಿಡಿದೇ ಅದು ತಿರುಗುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ ಹಾಗೇ ಓಡಿಸಿದರೆ ಇಡೀ ವಾದ್ಯದ ಶ್ರುತಿ, ಕಪ್ಪು ಬಿಳಿ ಎರಡನ್ನೂ ಎಣಿಸಿದರೆ, ಮೂರು ಕೀಗಿಂತ ಸ್ವಲ್ಪ ಜಾಸ್ತಿಯೇ ಕೆಳಗಿಳಿಯುತ್ತದೆ.

ನನಗೆ ಬೇಕಾಗಿದ್ದು ಅದರ ದನಿ ಮಾತ್ರ. ಅದೂ ಕೈಚೀಲದಲ್ಲಿ ಹಿಡಿಸುವಷ್ಟು ಸಣ್ಣ ಡಬ್ಬಿಯಲ್ಲಿ. ಕೇಳಿದ್ದು ಒಬ್ಬ ಗೆಳೆಯ, ಸಣ್ಣ ಬ್ಯಾಂಡೊಂದರಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಅವನ ಕೀಬೋರ್ಡಿನಲ್ಲೂ ಆರ್ಗನ್ ಅಂತ ಒಂದಷ್ಟು ದನಿ ಇವೆ. ಆದರೆ ಅವೆಲ್ಲ ರೆಕಾರ್ಡ್ ಮಾಡಿ ತುಂಬಿಟ್ಟ ದನಿಗಳು. ಹ್ಯಾಮಂಡ್‌ನಲ್ಲಿ ಡ್ರಾಬಾರ್ ಅನ್ನುವ ಎಳೆಯುವ ಪಟ್ಟಿಗಳು ಒಂಬತ್ತರ ಸಾಲಿನಲ್ಲಿ ಇರುತ್ತವೆ, ಒಂದೊಂದೂ ಸ್ವರಕ್ಕೆ ಒಂದೊಂದು ದನಿ ಬೆರೆಸುತ್ತದೆ. ಇವನ ಕೀಬೋರ್ಡಿನಲ್ಲಿ ಸ್ವರ ಹಿಡಿದಿರುವಾಗಲೇ ಹಾಗೆ ಬಾರ್ ಎಳೆದು ಅದನ್ನು ದಪ್ಪ ಮಾಡಲು, ಚೂಪು ಮಾಡಲು ಬರಲ್ಲ. ಹ್ಯಾಮಂಡ್ ನುಡಿಸುವವರ ಎಡಗೈ ಅರ್ಧ ಹೊತ್ತು ಆ ಬಾರ್‌ಗಳ ಮೇಲೇ ಇರುತ್ತದೆ. ಅದೇ ಇಲ್ಲ ಅಂದ್ರೆ ಏನು ಮಜಾ?

ಈ ಕೆಲಸಕ್ಕೆ ರೆಡಿಮೇಡ್ ಮಾಡ್ಯೂಲ್‌ಗಳೂ ಸಿಗುತ್ತವೆ. ಫೆರೋಫಿಶ್ ಬಿ4000+ ಅಂತ ಒಂದು ಬಂದಿತ್ತು, ಜರ್ಮನಿಯ ಎಚ್‌ಎಕ್ಸ್3 ಬೋರ್ಡ್ ಇದೆ. ಚೆನ್ನಾಗಿವೆ, ಆದರೆ ತರಿಸುವ ಖರ್ಚು ಸೇರಿದರೆ ಹವ್ಯಾಸಿ ಬ್ಯಾಂಡಿನ ಜೇಬಿಗೆ ಭಾರ. ಸೆಟ್‌ಬಿಫ್ರೀ ಅನ್ನುವ ಉಚಿತ ತಂತ್ರಾಂಶವನ್ನು ರಾಸ್ಪ್‌ಬೆರಿ ಪೈ ಮೇಲೆ ಓಡಿಸುವ ದಾರಿಯೂ ಇದೆ. ಅದರ ದನಿ ನಿಜಕ್ಕೂ ಒಳ್ಳೆಯದು. ಸೋರ್ಸ್ ಕೋಡ್ ಓದಿಯೇ ನಾನು ಎಷ್ಟೋ ವಿಷಯ ಕಲಿತೆ. ಆದರೆ ಪೈ ಅಂದ್ರೆ ಪೂರ್ತಿ ಲಿನಕ್ಸ್ ಕಂಪ್ಯೂಟರ್. ಬೂಟ್ ಆಗುವ ತನಕ ಕಾಯಬೇಕು, ಸರಿಯಾಗಿ ಶಟ್‌ಡೌನ್ ಮಾಡಬೇಕು. ವೇದಿಕೆಯಲ್ಲಿ ಯಾರೋ ಪ್ಲಗ್ ಕಿತ್ತರೆ ಮೆಮೊರಿ ಕಾರ್ಡ್ ಕೆಡಬಹುದು. ನಮ್ಮ ಕಡೆ ಕಾರ್ಯಕ್ರಮಗಳಲ್ಲಿ ಪ್ಲಗ್ ಕೀಳುವವರಿಗೆ ಬರವೇ? ಹಾಗಾಗಿ ಟೀನ್ಸಿ 4.1 ಆರಿಸಿಕೊಂಡೆ. ಬೆರಳುದ್ದದ ಬೋರ್ಡು, 600 ಮೆಗಾಹರ್ಟ್ಸ್ ಪ್ರೊಸೆಸರ್. ಸ್ವಿಚ್ ಹಾಕಿದ ಕೂಡಲೇ ಎದ್ದು ಕೂರುತ್ತದೆ. ಜೊತೆಗೆ ಯುಎಸ್‌ಬಿ ಕೀಬೋರ್ಡನ್ನು ನೇರ ಚುಚ್ಚುವುದಕ್ಕೆ ಬೇರೆ ಐದು ತೂತು ಕೊಟ್ಟಿದ್ದಾರೆ, ನಡುವೆ ಕಂಪ್ಯೂಟರ್ ಬೇಡ.

ದನಿ ಹುಟ್ಟಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ಕೀ ಒತ್ತಿದಾಗ ಬರುವ ಟಕ್ ಸದ್ದು ಮತ್ತು ತಿರುಗುವ ಸ್ಪೀಕರ್, ಸಮಯ ತಿಂದದ್ದು ಇವೆರಡೇ. ಇಲ್ಲೂ ಅವಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲು ಅಸಲಿ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ. ಲಾರೆನ್ಸ್ ಹ್ಯಾಮಂಡ್ ಷಿಕಾಗೋದವರು, ಗಡಿಯಾರದ ಕಂಪನಿ ನಡೆಸುತ್ತಿದ್ದವರು. ಕರೆಂಟಿನ ಲಯಕ್ಕೆ ತಿರುಗುವ ಗಡಿಯಾರದ ಮೋಟಾರನ್ನೇ ಹಿಡಿದು ಅವರು ವಾದ್ಯ ಮಾಡಿದರು. ಮೊದಲ ಮಾದರಿ ಬಂದದ್ದು 1935ರಲ್ಲಿ. ಬಿ-3 ಬಂದದ್ದು 1954ರ ಹೊತ್ತಿಗೆ. ಪೈಪ್ ಆರ್ಗನ್ ಕೊಳ್ಳುವಷ್ಟು ಹಣವಿಲ್ಲದ ಚರ್ಚುಗಳಿಗೆ ಅಗ್ಗದ ಬದಲಿ ಅಂತ ಇದನ್ನು ಮಾರುತ್ತಿದ್ದರು. ಅಂದರೆ ನಾನು ಮಾಡುತ್ತಿರುವುದು ನಕಲಿನ ನಕಲು. ಇರಲಿ.

ಒಳಗೆ ನಿಮಿಷಕ್ಕೆ 1200 ಸುತ್ತು ತಿರುಗುವ ಉದ್ದದ ದಂಡ. ಅದರಿಂದ ಗೇರ್ ಮೂಲಕ 91 ಉಕ್ಕಿನ ಚಕ್ರಗಳು ತಿರುಗುತ್ತವೆ. ಪ್ರತಿಯೊಂದೂ ಸುಮಾರು ಎರಡು ಇಂಚು ಅಗಲ, ಅಂಚಿನಲ್ಲಿ ಹಲ್ಲುಗಳು. ಚಕ್ರದ ಎದುರು ಒಂದು ಅಯಸ್ಕಾಂತದ ಕಡ್ಡಿ, ಅದಕ್ಕೆ ಸುತ್ತಿದ ತಂತಿಯ ಕಾಯಿಲ್. ಹಲ್ಲು ಹತ್ತಿರ ಬಂದು ದೂರ ಹೋದಂತೆ ಕಾಯಿಲ್‌ನಲ್ಲಿ ಸಣ್ಣ ಕರೆಂಟು ಏರಿಳಿಯುತ್ತದೆ. ಅದೇ ಸ್ವರ. ಯಾರೂ ಕೀ ಮುಟ್ಟದಿದ್ದರೂ 91 ಸ್ವರಗಳೂ ಒಳಗೆ ಸದಾ ಓಡುತ್ತಲೇ ಇರುತ್ತವೆ. ಕೀ ಮಾಡುವುದು ಇಷ್ಟೇ: ಅವುಗಳಲ್ಲಿ ಕೆಲವಕ್ಕೆ ಹೊರಗೆ ಬರಲು ದಾರಿ ಬಿಡುವುದು.

ಕೋಡ್ ಬರೆಯುವಾಗ ನೆನಪಿಟ್ಟುಕೊಳ್ಳಬೇಕಾದ ಮುಖ್ಯ ಸಂಗತಿ ಇದೇ. ಸಾಮಾನ್ಯ ಸಿಂಥಸೈಜರ್‌ನಲ್ಲಿ ಪ್ರತಿ ಕೀಗೂ ಹೊಸದಾಗಿ ದನಿ ಶುರುವಾಗುತ್ತದೆ. ಇಲ್ಲಿ ಹಾಗಲ್ಲ. ಬಾರ್‌ಗಳ ಹೆಸರು ಪೈಪ್ ಆರ್ಗನ್ ಕೊಳವೆಯ ಉದ್ದದ ಲೆಕ್ಕದಲ್ಲಿ: 8 ಅಡಿ ಅಂದರೆ ಒತ್ತಿದ ಸ್ವರವೇ, ಅಡಿ ಕಡಿಮೆಯಾದಷ್ಟೂ ದನಿ ಮೇಲೆ. ಒಂದು ಸಿ ಕೀ ಒತ್ತಿ, 2 2/3 ಅಡಿಯ ಬಾರ್ ಎಳೆದರೆ ಮೇಲಿನ ಜಿ ಸ್ವರದ ಚಕ್ರ ದನಿ ಕೊಡುತ್ತದೆ. ಅದೇ ಜಿ ಕೀಯನ್ನೂ ಒತ್ತಿದರೆ ಅದರ 8 ಅಡಿಯ ಬಾರ್ ದನಿ ತೆಗೆದುಕೊಳ್ಳುವುದೂ ಅದೇ ಚಕ್ರದಿಂದ. ಎರಡು ಜಿ ಇಲ್ಲ, ಒಂದೇ ಜಿ. ಹಾಗಾಗಿ ಅವು ಒಂದಕ್ಕೊಂದು ತಾಗಿ ಅಲುಗುವುದಿಲ್ಲ. ಹ್ಯಾಮಂಡ್‌ನಲ್ಲಿ ದೊಡ್ಡ ಕಾರ್ಡ್ ಹಿಡಿದರೂ ಕಲಸಿಹೋಗದೆ ನಿಲ್ಲುವುದು ಇದರಿಂದ.

ಆದ್ದರಿಂದ ಟೀನ್ಸಿಯಲ್ಲೂ ಚಕ್ರಕ್ಕೊಂದರಂತೆ ಅಲೆ ಹುಟ್ಟಿಸುವ 91 ಆಸಿಲೇಟರ್‌ಗಳನ್ನು ಸ್ವಿಚ್ ಹಾಕಿದಾಗಿನಿಂದ ಆರಿಸುವ ತನಕ ಓಡಿಸುತ್ತೇನೆ. ಲೆಕ್ಕ ದೊಡ್ಡದಲ್ಲ. ಸೆಕೆಂಡಿಗೆ 44,100 ಸ್ಯಾಂಪಲ್ (ದನಿಯ ಅಲೆಯನ್ನು ಬರೆಯುವ ಅಂಕಿಗಳು), ಅದನ್ನು 91ರಿಂದ ಗುಣಿಸಿದರೆ 40 ಲಕ್ಷದ ಆಸುಪಾಸು. ಒಂದೊಂದಕ್ಕೆ ಪ್ರೊಸೆಸರಿನ ಹತ್ತು ಸೈಕಲ್ ಹಿಡಿದರೂ 600ರಲ್ಲಿ 40 ಮೆಗಾಹರ್ಟ್ಸ್ ಹೋಯಿತು ಅಷ್ಟೇ. ಸೈನ್ ಅಲೆಯ ಒಂದು ಟೇಬಲ್, ಪ್ರತಿ ಚಕ್ರಕ್ಕೆ ಅಲೆ ಎಲ್ಲಿಗೆ ಬಂತು ಅಂತ ಎಣಿಸುವ 32 ಬಿಟ್ಟಿನ ಒಂದು ಫೇಸ್ ಕೌಂಟರ್. ಶುರುವಿನ ಫೇಸ್ ಮಾತ್ರ ಎಲ್ಲಕ್ಕೂ ಬೇರೆ ಬೇರೆ ಕೊಟ್ಟೆ. ಎಲ್ಲವೂ ಸೊನ್ನೆಯಿಂದ ಹೊರಟರೆ ಸ್ವಿಚ್ ಹಾಕಿದ ಹೊಸತರಲ್ಲಿ ದನಿ ವಿಚಿತ್ರವಾಗಿ ಮೊನಚಾಗಿರುತ್ತದೆ.

ಸ್ವರದ ಕಂಪನಕ್ಕೆ ಸಂಗೀತ ಪುಸ್ತಕದ ಸೂತ್ರ ಹಾಕಲಿಲ್ಲ, ಹ್ಯಾಮಂಡ್ ಗೇರುಗಳ ಹಲ್ಲಿನ ಲೆಕ್ಕವನ್ನೇ ಹಾಕಿದೆ. ದಂಡ ಸೆಕೆಂಡಿಗೆ 20 ಸುತ್ತು. ಎ ಸ್ವರದ ಗೇರ್ ಜೋಡಿ 88ಕ್ಕೆ 64. ಅಲ್ಲಿಗೆ 27.5 ಸುತ್ತು. ಚಕ್ರಕ್ಕೆ 16 ಹಲ್ಲು. ಗುಣಿಸಿದರೆ ಸರಿಯಾಗಿ 440. ಸಿ ಸ್ವರಕ್ಕೆ 85ಕ್ಕೆ 104, ಅದು ಕೊಡುವುದು 261.54. ಪುಸ್ತಕದ ಲೆಕ್ಕದಲ್ಲಿ 261.63 ಬರಬೇಕು. ಹನ್ನೆರಡು ಸ್ವರದಲ್ಲಿ ಯಾವುದೂ ಒಂದು ಸೆಂಟ್‌ನಷ್ಟು ಕೂಡ ತಪ್ಪುವುದಿಲ್ಲ. ಅಂದರೆ ಪಕ್ಕದ ಎರಡು ಕೀಗಳ ನಡುವಿನ ಅಂತರದಲ್ಲಿ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಕಿವಿಗೆ ಇದು ಗೊತ್ತಾಗುತ್ತದಾ? ನನಗಂತೂ ಗೊತ್ತಾಗಲ್ಲ. ಆದರೂ ಹನ್ನೆರಡು ಜೋಡಿ ಅಂಕಿ ಟೈಪ್ ಮಾಡಲು ಏನು ಕಷ್ಟ ಅಂತ ಹಾಕಿಬಿಟ್ಟೆ.

ಚಕ್ರದ ಹಲ್ಲುಗಳು 2, 4, 8, 16, 32, 64, 128. ಏಳು ಸ್ಥಾಯಿ, 84 ಚಕ್ರ. ಮೇಲಿನ ಏಳಕ್ಕೆ 256 ಹಲ್ಲು ಬೇಕಿತ್ತು, ಆದರೆ 192 ಹಾಕಿ, ಬೇರೆ ಸ್ವರದ ಗೇರ್ ಬಳಸಿ ಜಾಣತನದಿಂದ ಹೊಂದಿಸಿದ್ದಾರೆ. ಎಫ್ ಸ್ವರದ ಗೇರಿಗೆ 192 ಹಲ್ಲಿನ ಚಕ್ರ ಕೂರಿಸಿದರೆ 4189 ಹರ್ಟ್ಸಿನ ಸಿ ಸಿಗುತ್ತದೆ. ಎಲ್ಲಕ್ಕಿಂತ ಮೇಲಿನ ಚಕ್ರ 5924 ಹರ್ಟ್ಸ್ ಹತ್ತಿರ ನಿಲ್ಲುತ್ತದೆ. ಅದಕ್ಕಿಂತ ಮೇಲೆ ಚಕ್ರವೇ ಇಲ್ಲ.

ಹಾಗಾದರೆ ಬಲಗಡೆಯ ಕೀಗಳಲ್ಲಿ 1 ಅಡಿಯ ಬಾರ್ ಎಳೆದರೆ? ಆ ಬಾರ್ ಒತ್ತಿದ ಸ್ವರಕ್ಕಿಂತ ಮೂರು ಸ್ಥಾಯಿ ಮೇಲಿನದನ್ನು ಕೇಳುತ್ತದೆ. 61 ಕೀಯಲ್ಲಿ 43ನೆಯದರ ತನಕ ಚಕ್ರ ಸಿಗುತ್ತದೆ. 44ನೆಯದರಿಂದ ಒಂದು ಸ್ಥಾಯಿ ಕೆಳಗಿನ ಚಕ್ರವನ್ನೇ ಮತ್ತೆ ಕೊಟ್ಟಿದ್ದಾರೆ. 56ನೆಯದರಿಂದ ಎರಡು ಸ್ಥಾಯಿ ಕೆಳಗಿನದು. ಫೋಲ್ಡ್‌ಬ್ಯಾಕ್ ಅಂತ ಇದರ ಹೆಸರು. ಕೋಡಿನಲ್ಲಿ ಇದು ಎರಡೇ ಸಾಲು: ಚಕ್ರದ ನಂಬರ್ 91 ದಾಟಿದರೆ 12 ಕಳೆಯುತ್ತಾ ಹೋಗು, 13ಕ್ಕಿಂತ ಕಡಿಮೆಯಾದರೆ 12 ಕೂಡಿಸು. ಈ ಎರಡು ಸಾಲು ಇಲ್ಲದೆ ನುಡಿಸಿ ನೋಡಿ, ಬಲಗೈ ಮೇಲೆ ಹೋದಂತೆ ದನಿ ಕೀರಲಾಗುತ್ತದೆ. ಇದ್ದರೆ ಗುಂಡಗೆ, ತುಂಬಿಕೊಂಡು ನಿಲ್ಲುತ್ತದೆ. ಇಡೀ ಪ್ರಾಜೆಕ್ಟಿನಲ್ಲಿ ಇಷ್ಟು ಕಡಿಮೆ ಬರೆದು ಇಷ್ಟು ಜಾಸ್ತಿ ಪಡೆದ ಜಾಗ ಇನ್ನೊಂದಿಲ್ಲ.

ಇನ್ನು ಟಕ್ ಸದ್ದು. ಅಸಲಿ ಕೀಬೋರ್ಡಿನಲ್ಲಿ ಒಂದೊಂದು ಕೀ ಕೆಳಗೂ ಒಂಬತ್ತು ತಂತಿಯ ಕಾಂಟ್ಯಾಕ್ಟ್ ಇವೆ, ಬಾರ್‌ಗೆ ಒಂದು. 61 ಕೀಗೆ 549. ಕೀ ಕೆಳಗಿಳಿದಾಗ ಒಂಬತ್ತೂ ಒಂದೇ ಕ್ಷಣಕ್ಕೆ ತಾಗುವುದಿಲ್ಲ. ಒಂದು ಮುಂಚೆ, ಒಂದು ತಡ. ತಾಗಿದ ಕ್ಷಣದಲ್ಲಿ ಆ ಚಕ್ರದ ಅಲೆ ಎಲ್ಲಿರುತ್ತದೋ ಅಲ್ಲಿಂದಲೇ ದನಿ ಥಟ್ ಅಂತ ಶುರು. ಅಲೆ ನಡುವಿನಲ್ಲಿ ಕಡಿದ ಹಾಗೆ ಆಗಿ ಒಂದು ಕ್ಲಿಕ್. ಹ್ಯಾಮಂಡ್ ಕಂಪನಿ ಇದನ್ನು ದೋಷ ಅಂತಲೇ ನೋಡಿ ಕಡಿಮೆ ಮಾಡಲು ಒದ್ದಾಡಿತು. ಜಾಸ್ ನುಡಿಸುವವರು ಅದನ್ನೇ ಇಷ್ಟಪಟ್ಟರು. ತಾಳದ ಮೊನೆ ಬರುವುದೇ ಅದರಿಂದ.

ಟೀನ್ಸಿಯ ಆಡಿಯೋ ಲೈಬ್ರರಿ 128 ಸ್ಯಾಂಪಲ್ಲಿನ ಕಂತಿನಲ್ಲಿ ಕೆಲಸ ಮಾಡುತ್ತದೆ, ಅಂದರೆ 2.9 ಮಿಲಿಸೆಕೆಂಡಿಗೊಮ್ಮೆ. ಕೀ ಬಂದ ಸುದ್ದಿಯನ್ನು ಕಂತಿನ ಆರಂಭದಲ್ಲಿ ಮಾತ್ರ ನೋಡಿದರೆ ಒಂಬತ್ತು ಕ್ಲಿಕ್ಕೂ ಒಂದೇ ಸ್ಯಾಂಪಲ್ ಮೇಲೆ ಗುಂಪಾಗಿ ಬೀಳುತ್ತವೆ. ಕೇಳಲು ಅದು ಕಾಂಟ್ಯಾಕ್ಟ್ ತಾಗಿದ ಹಾಗಿರಲ್ಲ, ಕೆಟ್ಟ ಕೇಬಲ್ ಅಲುಗಿದ ಹಾಗಿರುತ್ತದೆ. ಆದ್ದರಿಂದ ಪ್ರತಿ ಕಾಂಟ್ಯಾಕ್ಟಿಗೂ ಕಂತಿನೊಳಗೆ ಯಾವ ಸ್ಯಾಂಪಲ್ಲಿನಲ್ಲಿ ತಾಗಬೇಕು ಅಂತ ಒಂದು ಸರತಿ ಪಟ್ಟಿ ಇಟ್ಟೆ. ಆ ಸ್ಯಾಂಪಲ್ ಬಂದಾಗ ಆ ಚಕ್ರದ ಮಟ್ಟಕ್ಕೆ ಆ ಬಾರಿನ ಮಟ್ಟವನ್ನು ಕೂಡಿಸು, ಅಷ್ಟೇ. ಮೆಲ್ಲಗೆ ಏರಿಸುವುದು, ನಯ ಮಾಡುವುದು ಏನೂ ಇಲ್ಲ.

ಎಷ್ಟು ಹರಡಬೇಕು ಅನ್ನುವುದಕ್ಕೆ ಮಿಡಿ ಕೀಬೋರ್ಡಿನ ವೆಲಾಸಿಟಿಯೇ ಕೈಗೆ ಸಿಕ್ಕಿತು, ಅಂದರೆ ಕೀಯನ್ನು ಎಷ್ಟು ಜೋರಾಗಿ ಒತ್ತಿದರು ಅಂತ ಕೀಬೋರ್ಡು ಕಳಿಸುವ ಅಂಕಿ. ಪಿಯಾನೋದಲ್ಲಿ ಜೋರಾಗಿ ಒತ್ತಿದರೆ ಜೋರು ದನಿ. ಆರ್ಗನ್‌ನಲ್ಲಿ ಹಾಗಿಲ್ಲ, ಹೇಗೆ ಒತ್ತಿದರೂ ಅದೇ ದನಿ. ಹಾಗಾಗಿ ವೆಲಾಸಿಟಿ ಸುಮ್ನೆ ಬಿದ್ದಿರುವ ಅಂಕಿ. ಅದನ್ನು ಕೀ ಇಳಿದ ವೇಗ ಅಂತ ತೆಗೆದುಕೊಂಡೆ. ಬೇಗ ಒತ್ತಿದರೆ ಒಂಬತ್ತು ಕಾಂಟ್ಯಾಕ್ಟೂ ಹತ್ತಿರ ಹತ್ತಿರ, ಟಕ್ ಚುರುಕು. ಮೆಲ್ಲಗೆ ಒತ್ತಿದರೆ ಅವು ಹತ್ತು ಮಿಲಿಸೆಕೆಂಡಿನ ತನಕ ಚದುರುತ್ತವೆ, ಟಕ್ ಮೆತ್ತಗೆ. ಪ್ರತಿ ಕೀಗೂ ಚದುರುವ ಕ್ರಮ ಬೇರೆ, ಆದರೆ ಒಂದು ಕೀಗೆ ಅದು ಯಾವತ್ತೂ ಒಂದೇ. ಅಸಲಿ ತಂತಿಗಳು ಬಾಗಿರುವುದು ಒಂದೇ ರೀತಿ ಅಲ್ವಾ, ದಿನಕ್ಕೊಂದು ಥರ ಬಾಗಲ್ಲ. ಗೆಳೆಯ ಇದನ್ನು ಮೊದಲು ನುಡಿಸಿದಾಗ ದನಿಯ ಬಗ್ಗೆ ಮಾತೇ ಆಡಲಿಲ್ಲ. "ಕೀ ಹಗುರ ಆದಂಗಿದೆ" ಅಂದ. ಕೀಬೋರ್ಡು ಅದೇ ಹಳೆಯದು.

ಪರ್ಕಶನ್ ಅಂತ ಒಂದು ಸ್ವಿಚ್ ಬಿ-3ರಲ್ಲಿ ಹೊಸದಾಗಿ ಬಂತು. ಸ್ವರದ ಆರಂಭಕ್ಕೆ ಟಿಂಗ್ ಅನ್ನುವ ಒಂದು ಪೆಟ್ಟು, ಎರಡನೆಯ ಇಲ್ಲವೇ ಮೂರನೆಯ ಹಾರ್ಮೋನಿಕ್‌ನಿಂದ, ಅಂದರೆ ಸ್ವರದ ಎರಡು ಇಲ್ಲವೇ ಮೂರು ಪಟ್ಟು ಕಂಪನದ ದನಿಯಿಂದ. ಇದರ ಗುಟ್ಟು ಎರಡು. ಎಲ್ಲ ಕೀ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಪೆಟ್ಟು ಬರುತ್ತದೆ. ಒಂದು ಬೆರಳು ಹಿಡಿದೇ ಇದ್ದರೆ ಮುಂದಿನ ಸ್ವರಗಳಿಗೆ ಇಲ್ಲ. ಇನ್ನೊಂದು, ಈ ಸರ್ಕಿಟ್ 1 ಅಡಿ ಬಾರಿನ ಕಾಂಟ್ಯಾಕ್ಟನ್ನು ಕದ್ದು ಬಳಸುತ್ತದೆ, ಹಾಗಾಗಿ ಪರ್ಕಶನ್ ಹಾಕಿದರೆ ಆ ಬಾರ್ ಸತ್ತಂತೆ. ಎರಡನ್ನೂ ಹಾಗೇ ಇಟ್ಟೆ. ಜಾಸ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಶೈಲಿಯಲ್ಲಿ ನುಡಿಸುವವರು ಮೊದಲ ಮೂರು ಬಾರ್ ಪೂರ್ತಿ ಎಳೆದು, ಉಳಿದವನ್ನು ಒಳಗಿಟ್ಟು, ಮೂರನೆಯ ಹಾರ್ಮೋನಿಕ್ ಪರ್ಕಶನ್ ಹಾಕುತ್ತಾರೆ. ಬಿಡಿಸಿ ನುಡಿಸಿದ ಸ್ವರಕ್ಕೆ ಟಿಂಗ್, ಸೇರಿಸಿ ನುಡಿಸಿದ್ದಕ್ಕೆ ಇಲ್ಲ. ಬೆರಳಿನ ನಡೆಯೇ ಅದರ ಮೇಲೆ ನಿಂತಿದೆ.

ಈಗ ಬಾರ್‌ಗಳು. ಒಂಬತ್ತು 10 ಕಿಲೋ ಓಮ್ ಸ್ಲೈಡರ್ ಪಾಟ್ (ಸರಿಸಿದಂತೆ ವೋಲ್ಟೇಜ್ ಬದಲಿಸುವ ಭಾಗ), 60 ಮಿಲಿಮೀಟರ್ ಓಟ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಸಿಗುತ್ತವೆ. ಕೇಳುವಾಗ ಬಿ ಟೈಪ್, ಅಂದರೆ ಲೀನಿಯರ್, ಅಂತ ಹೇಳಿ. ಎ ಟೈಪ್ ಲಾಗ್, ವಾಲ್ಯೂಮಿಗೆ ಬಳಸುವುದು. ನಮಗೆ ಸ್ಥಾನ ಗೊತ್ತಾದರೆ ಸಾಕು, ಉಳಿದ ಲೆಕ್ಕ ಕೋಡಿನದು. ಮೇಲಿನ ಟೋಪಿಗೆ ಅಸಲಿಯ ಬಣ್ಣಗಳನ್ನೇ ಇಟ್ಟೆ: 16 ಮತ್ತು 5 1/3 ಅಡಿಗೆ ಕಂದು. 8, 4, 2, 1ಕ್ಕೆ ಬಿಳಿ. 2 2/3, 1 3/5, 1 1/3ಕ್ಕೆ ಕಪ್ಪು. ಬಣ್ಣ ಶೋಕಿಗಲ್ಲ. ಕತ್ತಲೆ ವೇದಿಕೆಯಲ್ಲಿ ಕಣ್ಣು ಹುಡುಕುವುದು ಕಪ್ಪು ಬಾರ್‌ಗಳ ಜಾಗವನ್ನೇ.

ಅಸಲಿ ಬಾರ್ ಮೇಲೆ 0ಯಿಂದ 8ರ ತನಕ ಅಂಕಿ ಇವೆ. ಒಂದೊಂದು ಮೆಟ್ಟಿಲಿಗೆ ಸುಮಾರು 3 ಡೆಸಿಬೆಲ್ ವ್ಯತ್ಯಾಸ. ಪಾಟ್ ನಯವಾಗಿ ಓಡುತ್ತದೆ, ಆದರೂ ಕೋಡಿನಲ್ಲಿ ಅದನ್ನು ಒಂಬತ್ತು ಮೆಟ್ಟಿಲಿಗೆ ಕಡಿದೆ. ನಯವಾಗಿಯೇ ಇರಲಿ ಅನ್ನುವವರೂ ಇದ್ದಾರೆ. ನನಗೆ ಮೆಟ್ಟಿಲೇ ಸರಿ, ಯಾಕಂದ್ರೆ ಒಂದು ಸೆಟ್ಟಿಂಗನ್ನು ಒಂಬತ್ತು ಅಂಕಿಯಲ್ಲಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಬಹುದು. ಮೆಟ್ಟಿಲ ಅಂಚಿನಲ್ಲಿ ಪಾಟ್ ನಿಂತರೆ 4, 5, 4, 5 ಅಂತ ನಡುಗುತ್ತದೆ. ಅದಕ್ಕೆ ನಡುವಿನ ಕಾಲಿನಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಹಾಕಿ. ಕೋಡಿನಲ್ಲೂ ಮೆಟ್ಟಿಲು ದಾಟಲು ಸ್ವಲ್ಪ ಜಾಸ್ತಿ ಸರಿಯಬೇಕು ಅನ್ನುವ ನಿಯಮ ಇರಲಿ. ಪಾಟಿನ ಮೇಲ್ತುದಿಗೆ 3.3 ವೋಲ್ಟೇ ಕೊಡಬೇಕು. ಟೀನ್ಸಿ 4ರ ಪಿನ್ನುಗಳು 5 ವೋಲ್ಟ್ ತಡೆಯುವುದಿಲ್ಲ, ಸುಟ್ಟುಹೋಗುತ್ತವೆ.

ಮುಚ್ಚಳ 3 ಮಿಲಿಮೀಟರ್ ಅಕ್ರಿಲಿಕ್. ಲೇಸರ್ ಕಟಿಂಗ್ ಅಂಗಡಿಗೆ ಡ್ರಾಯಿಂಗ್ ಕೊಟ್ಟರೆ ಒಂಬತ್ತು ಸೀಳೂ ನೇರವಾಗಿ ಬರುತ್ತವೆ. ಅಲ್ಯೂಮಿನಿಯಂ ತಗಡಿಗೆ ಸಾಲಾಗಿ ತೂತು ಕೊರೆದು ಅರ ಹಿಡಿದು ಉಜ್ಜುವ ಸಹನೆ ಇರುವವರು ಹಾಗೂ ಮಾಡಬಹುದು.

ದನಿ ಹೊರಗೆ ಬರುವುದು ಪಿಸಿಎಂ5102ಎ ಅನ್ನುವ ಅಗ್ಗದ ಡ್ಯಾಕ್ ಬೋರ್ಡಿನಿಂದ, ಅದು ಅಂಕಿಗಳನ್ನು ದನಿಯ ಕರೆಂಟಾಗಿ ಬದಲಿಸುತ್ತದೆ. ಟೀನ್ಸಿಯ 7, 20, 21ನೇ ಪಿನ್ನುಗಳು ಕ್ರಮವಾಗಿ ಡೇಟಾ, ಎಡಬಲ ಕ್ಲಾಕ್, ಬಿಟ್ ಕ್ಲಾಕ್. ಬೋರ್ಡಿನ ಎಸ್‌ಸಿಕೆ ಪಿನ್ನನ್ನು ಗ್ರೌಂಡಿಗೆ ಸೋಲ್ಡರ್ ಮಾಡಿ. ಆಗ ಚಿಪ್ ತನಗೆ ಬೇಕಾದ ಕ್ಲಾಕನ್ನು ಒಳಗೇ ಮಾಡಿಕೊಳ್ಳುತ್ತದೆ. ಅದನ್ನು ಗಾಳಿಯಲ್ಲಿ ಬಿಟ್ಟರೆ ಒಮ್ಮೆ ದನಿ ಬರುತ್ತದೆ, ಒಮ್ಮೆ ಬರಲ್ಲ. ಬೋರ್ಡಿನ ಹಿಂದೆ ನಾಲ್ಕು ಸಣ್ಣ ಜಂಪರ್ ಜಾಗಗಳೂ ಇವೆ. ಮ್ಯೂಟ್‌ನದು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ ಸೇರಿವೆಯಾ ಅಂತ ಮಲ್ಟಿಮೀಟರ್ ಹಿಡಿದು ನೋಡಿ.

ಎಲ್ಲ ಜೋಡಿಸಿ ಆಂಪ್ಲಿಫಯರಿಗೆ ಹಾಕಿದಾಗ ಹಿಂದೆ ಸಣ್ಣಗೆ ಗುಂಯ್ ಅನ್ನುವ ದನಿ. ಕರೆಂಟಿನ 50 ಹರ್ಟ್ಸ್ ಹಮ್ ಅಲ್ಲ, ಅದಕ್ಕಿಂತ ಮೇಲೆ. ಫೋನಿನ ಸ್ಪೆಕ್ಟ್ರಮ್ ಆ್ಯಪ್ ತೋರಿಸಿದ್ದು 344 ಹರ್ಟ್ಸ್. 44,100ನ್ನು 128ರಿಂದ ಭಾಗಿಸಿ, 344.5. ಪ್ರೊಸೆಸರ್ ಪ್ರತಿ ಕಂತಿಗೂ ಒಮ್ಮೆ ದುಡಿದು, ಒಮ್ಮೆ ಸುಮ್ಮನಾಗುತ್ತದೆ. ಅದಕ್ಕೆ ತಕ್ಕಂತೆ ಕರೆಂಟ್ ಎಳೆತ ಏರಿಳಿಯುತ್ತದೆ. ಡ್ಯಾಕಿನ ಗ್ರೌಂಡೂ ಅದೇ ತಂತಿಯಲ್ಲಿ ಹೋದರೆ ಆ ಏರಿಳಿತವೇ ದನಿಯಾಗಿ ಹೊರಗೆ ಬರುತ್ತದೆ. ಎಫ್ ಸ್ವರಕ್ಕಿಂತ ಸ್ವಲ್ಪ ಕೆಳಗಿನ ಶ್ರುತಿ, ಹಾಗಾಗಿ ಎಫ್ ಹಿಡಿದಾಗಲೇ ಜಾಸ್ತಿ ಕಾಡುತ್ತದೆ! ಡ್ಯಾಕ್‌ಗೆ ಪವರ್ ಜಾಕಿನಿಂದಲೇ ಬೇರೆ ಗ್ರೌಂಡ್ ತಂತಿ ಎಳೆದು, ಅದರ 5 ವೋಲ್ಟಿಗೆ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಕೂರಿಸಿದ ಮೇಲೆ ಸದ್ದು ಅಡಗಿತು. ಇಂಥ ಡಬ್ಬಿ ಮಾಡುವವರು ಗುಂಯ್ ಕೇಳಿದ ಕೂಡಲೇ ಫಿಲ್ಟರ್ ಹುಡುಕಬೇಡಿ. ಮೊದಲು ಅದರ ಕಂಪನ ಅಳೆಯಿರಿ. ಅಂಕಿಯೇ ಕಳ್ಳನನ್ನು ತೋರಿಸುತ್ತದೆ.

ಇಷ್ಟಾದರೂ ಹೆಡ್‌ಫೋನಿನಲ್ಲಿ ಕೇಳಿದರೆ ಇದು ಇನ್ನೂ ಆರ್ಗನ್ ಅನ್ನಿಸುವುದಿಲ್ಲ. ಸಪ್ಪೆ. ಉಳಿದ ಅರ್ಧ ಇರುವುದು ಸ್ಪೀಕರಿನಲ್ಲಿ.

ಡಾನ್ ಲೆಸ್ಲಿ ಕ್ಯಾಲಿಫೋರ್ನಿಯಾದವರು. ಹ್ಯಾಮಂಡ್ ಆರ್ಗನ್ ಮನೆಯಲ್ಲಿ ಇಟ್ಟರೆ ದನಿ ಸತ್ತಂತಿದೆ ಅನ್ನಿಸಿ, ದನಿಯನ್ನೇ ತಿರುಗಿಸುವ ಪೆಟ್ಟಿಗೆ ಮಾಡಿದರು. ಲಾರೆನ್ಸ್ ಹ್ಯಾಮಂಡ್‌ಗೆ ಅದು ಕೊನೆಯ ತನಕ ಇಷ್ಟವಾಗಲಿಲ್ಲ. ಇವತ್ತು ಒಂದನ್ನು ಬಿಟ್ಟು ಇನ್ನೊಂದನ್ನು ಯಾರೂ ನೆನೆಯುವುದಿಲ್ಲ. ಪೆಟ್ಟಿಗೆಯೊಳಗೆ 800 ಹರ್ಟ್ಸ್‌ಗಿಂತ ಮೇಲಿನ ದನಿ ತಿರುಗುವ ಹಾರ್ನ್‌ಗೆ ಹೋಗುತ್ತದೆ, ಕೆಳಗಿನದು 15 ಇಂಚಿನ ಸ್ಪೀಕರಿಗೆ. ಅದರ ಕೆಳಗೆ ತಿರುಗುವ ಡ್ರಮ್. ಹಾರ್ನ್‌ಗೆ ಎರಡು ಬಾಯಿ ಕಾಣುತ್ತವೆ, ದನಿ ಬರುವುದು ಒಂದರಿಂದ ಮಾತ್ರ. ಇನ್ನೊಂದು ತೂಕ ಸರಿದೂಗಿಸಲು. ಹಾರ್ನ್ ಒಂದು ದಿಕ್ಕಿಗೆ ತಿರುಗಿದರೆ ಡ್ರಮ್ ಅದರ ಎದುರು ದಿಕ್ಕಿಗೆ.

ರೈಲು ಹಾರ್ನ್ ಹೊಡೆಯುತ್ತಾ ದಾಟಿ ಹೋದಾಗ ಶ್ರುತಿ ಇಳಿಯುತ್ತದಲ್ಲ, ಇಲ್ಲಿ ಅದೇ ಪ್ರತಿ ಸುತ್ತಿಗೂ ನಡೆಯುತ್ತದೆ. ಹಾರ್ನ್‌ನ ಬಾಯಿ ನಡುವಿನಿಂದ 19 ಸೆಂಟಿಮೀಟರ್ ದೂರ ಅಂತ ಹಿಡಿದೆ. ಜೋರಾಗಿ ತಿರುಗುವಾಗ ನಿಮಿಷಕ್ಕೆ 400 ಸುತ್ತು. ಬಾಯಿಯ ವೇಗ ಸೆಕೆಂಡಿಗೆ ಸುಮಾರು 8 ಮೀಟರ್. ಗಾಳಿಯಲ್ಲಿ ಶಬ್ದದ ವೇಗ 343 ಮೀಟರ್. ಭಾಗಿಸಿದರೆ ಶ್ರುತಿ ಶೇಕಡಾ 2.3ರಷ್ಟು ಮೇಲೆ ಕೆಳಗೆ ಆಡುತ್ತದೆ. ಕೋಡಿನಲ್ಲಿ ಇದು ಉದ್ದ ಬದಲಾಗುವ ಒಂದು ಡಿಲೇ ಲೈನ್, ಅಂದರೆ ದನಿಯನ್ನು ಸ್ವಲ್ಪ ತಡ ಮಾಡಿ ಬಿಡುವ ಸಾಲು. 19 ಸೆಂಟಿಮೀಟರ್ ದಾಟಲು ಶಬ್ದಕ್ಕೆ 0.55 ಮಿಲಿಸೆಕೆಂಡ್ ಬೇಕು, ಅಂದರೆ ಹೆಚ್ಚುಕಡಿಮೆ 24 ಸ್ಯಾಂಪಲ್. ಡಿಲೇ ಅಷ್ಟು ಹಿಂದೆ ಮುಂದೆ ಆಡಬೇಕು, ಅದೂ ಸ್ಯಾಂಪಲ್ ನಡುವಿನ ಜಾಗಗಳಲ್ಲೂ ನಿಂತು. ಪೂರ್ಣ ಸ್ಯಾಂಪಲ್ ಮೇಲೆ ಮಾತ್ರ ಜಿಗಿದರೆ ಜರಜರ ಅನ್ನುತ್ತದೆ. ಎರಡು ಸ್ಯಾಂಪಲ್ ನಡುವೆ ನೇರ ಗೆರೆ ಎಳೆದು ಲೆಕ್ಕ ಹಾಕಿದರೆ ಜರಜರ ಹೋಗುತ್ತದೆ, ಆದರೆ ಮೇಲಿನ ದನಿ ಸ್ವಲ್ಪ ಮಂಕಾಗುತ್ತದೆ. ನಾಲ್ಕು ಸ್ಯಾಂಪಲ್ ನೋಡುವ ಲೆಕ್ಕಕ್ಕೆ ಬದಲಿಸಿದೆ. ಪ್ರೊಸೆಸರಿಗೆ ಪುರುಸೊತ್ತು ಬೇಕಾದಷ್ಟಿತ್ತು.

ಶ್ರುತಿ ಆಡಿದರೆ ಮಾತ್ರ ಸಾಲದು. ಹಾರ್ನ್ ಆ ಕಡೆ ತಿರುಗಿದಾಗ ದನಿ ಸಣ್ಣದಾಗುತ್ತದೆ, ಮೊನಚೂ ಹೋಗುತ್ತದೆ. ಹಾಗಾಗಿ ಸುತ್ತಿನ ಜೊತೆಗೇ ಮೇಲಿನ ದನಿ ತಡೆಯುವ ಒಂದು ಲೋ-ಪಾಸ್ ಫಿಲ್ಟರ್ ತೆರೆದು ಮುಚ್ಚುತ್ತದೆ. ಪೆಟ್ಟಿಗೆಯ ಒಳಗೋಡೆಗೆ ಬಡಿದು ಬರುವ ದನಿಗೆ ಅಂತ ಇನ್ನೂ ಎರಡು ಸಣ್ಣ ಡಿಲೇ. ಈ ಎರಡು ಹಾಕುವ ತನಕ ಅದು ಅಗ್ಗದ ಎಫೆಕ್ಟ್ ಪೆಡಲಿನ ಹಾಗೇ ಇತ್ತು. ಹಾಕಿದ ಮೇಲೆ ದನಿಗೆ ಒಂದು ಜಾಗ ಬಂತು.

ವೇಗ ಬದಲಾಗುವ ರೀತಿಗೆ ಗಮನ ಕೊಡಿ. ನಿಧಾನದಲ್ಲಿ ಹಾರ್ನ್ ನಿಮಿಷಕ್ಕೆ 48 ಸುತ್ತಿನ ಆಸುಪಾಸು. ಸ್ವಿಚ್ ತಟ್ಟಿದರೆ ಒಂದು ಸೆಕೆಂಡಿನಲ್ಲಿ ಜೋರಿಗೆ ಬರುತ್ತದೆ. ಡ್ರಮ್ ಭಾರ, ಅದಕ್ಕೆ ಹಲವು ಸೆಕೆಂಡ್ ಬೇಕು. ಮೇಲಿನ ದನಿ ಓಡುತ್ತಿರುವಾಗ ಕೆಳಗಿನದು ಇನ್ನೂ ಎದ್ದೇಳುತ್ತಿರುತ್ತದೆ. ಕಾರ್ಡ್ ಹಿಡಿದು ಸ್ವಿಚ್ ತಟ್ಟಿ ಸುಮ್ಮನಿದ್ದರೂ ಆ ನಾಲ್ಕೈದು ಸೆಕೆಂಡ್ ಹಾಡಿಗೆ ಸಾಕು. ಎರಡಕ್ಕೂ ಒಂದೇ ಏರಿಕೆ ಕೊಟ್ಟರೆ ಈ ರುಚಿಯೇ ಇರಲ್ಲ.

ಪವರ್ ಬಗ್ಗೆ ಒಂದು ಮಾತು. ಫೋನಿನ ಪವರ್ ಬ್ಯಾಂಕಿನಿಂದ ಇದು ಆರಾಮಾಗಿ ಓಡುತ್ತದೆ, ಆದರೆ ಎಲ್ಲ ಪವರ್ ಬ್ಯಾಂಕಿನಿಂದಲೂ ಅಲ್ಲ. ಇಡೀ ಡಬ್ಬಿ ಎಳೆಯುವ ಕರೆಂಟು ತೀರಾ ಕಡಿಮೆ. ಕೆಲವು ಪವರ್ ಬ್ಯಾಂಕುಗಳು ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ತಾವಾಗಿಯೇ ಆಫ್ ಆಗುತ್ತವೆ, ಅದೂ ಹಾಡಿನ ನಡುವೆ. ಕೊಳ್ಳುವ ಮುಂಚೆ ಕಡಿಮೆ ಕರೆಂಟಿನ ಮೋಡ್ ಇದೆಯಾ ಅಂತ ನೋಡಿ, ಇಲ್ಲಾಂದ್ರೆ ಒಳ್ಳೆಯ ಚಾರ್ಜರ್ ಅಡಾಪ್ಟರೇ ವಾಸಿ.

ವೇದಿಕೆಯಲ್ಲಿ ಇನ್ನೊಂದು ವಿಷಯ ಎದುರಾಯಿತು. ಮನೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಮೈಕ್ ಇಟ್ಟಂತೆ ಸ್ಟೀರಿಯೋ ಲೆಸ್ಲಿ ಮಾಡಿದ್ದೆ. ಕೇಳಲು ಸೊಗಸು. ಆದರೆ ಸಣ್ಣ ಕಾರ್ಯಕ್ರಮಗಳಲ್ಲಿ ಸೌಂಡಿನವರು ಕೊಡುವುದು ಮಿಕ್ಸರಿನ ಒಂದೇ ಚಾನೆಲ್. ಎಡ ಬಲ ಎರಡನ್ನೂ ಅದರಲ್ಲಿ ಕೂಡಿಸಿದರೆ ಒಂದರ ಏರು ಇನ್ನೊಂದರ ಇಳಿತಕ್ಕೆ ವಜಾ ಆಗಿ ತಿರುಗುವುದೇ ಗೊತ್ತಾಗದಂತೆ ಸಪ್ಪೆಯಾಗುತ್ತದೆ. ಈಗ ಹಿಂದುಗಡೆ ಮೋನೋ ಸ್ವಿಚ್ ಇದೆ. ಅದು ಎರಡನ್ನು ಕೂಡಿಸುವುದಿಲ್ಲ, ಒಂದು ಮೈಕಿನ ದನಿಯನ್ನು ಮಾತ್ರ ಕಳಿಸುತ್ತದೆ.

ಗೆಳೆಯನ ದೂರು ಬೇರೆಯೇ. ನಿಧಾನ-ಜೋರು ಸ್ವಿಚ್ಚನ್ನು ಬಾರ್‌ಗಳ ಬಲಕ್ಕೆ ಇಟ್ಟಿದ್ದೆ, ಬಲಗೈ ಸ್ವರ ಬಿಟ್ಟು ಬರಬೇಕಾಗುತ್ತಿತ್ತು. ಹ್ಯಾಮಂಡ್ ನುಡಿಸುವವರಿಗೆ ಅದು ಕೀಬೋರ್ಡಿನ ಎಡಗಡೆ ಅಂಚಿನಲ್ಲಿ, ಹೆಬ್ಬೆರಳಿಗೆ ಸಿಗುವ ಅರ್ಧಚಂದ್ರದ ಆಕಾರದ ಡಬ್ಬಿಯಾಗಿ ಇರುತ್ತದೆ. ಅದನ್ನೇ ಮೂರಡಿ ತಂತಿಯಲ್ಲಿ ಹೊರಗೆ ತಂದು, 3.5 ಮಿಲಿಮೀಟರ್ ಜಾಕಿನಲ್ಲಿ ಚುಚ್ಚುವಂತೆ ಮಾಡಿದೆ. ಕೀಬೋರ್ಡಿನ ಅಡಿಗೆ ವೆಲ್ಕ್ರೋದಲ್ಲಿ ಅಂಟಿಸಿಕೊಂಡಿದ್ದಾನೆ. ಎರಡನೆಯ ಕೀಬೋರ್ಡಿಗೂ ಜಾಗ ಇಟ್ಟಿದ್ದೇನೆ. ಟೀನ್ಸಿಯ ಅನಲಾಗ್ ಪಿನ್ನುಗಳಲ್ಲಿ ಆಡಿಯೋಗೆ ಹೋದ ಮೂರು ಬಿಟ್ಟರೆ 15 ಸಿಗುತ್ತವೆ, ಒಂಬತ್ತು ಬಳಸಿಯಾಯಿತು. ಇನ್ನೂ ಒಂಬತ್ತು ಬಾರ್ ಬೇಕು ಅಂದರೆ ಹಲವು ಬಾರ್‌ಗಳನ್ನು ಒಂದೇ ಪಿನ್ನಿನಲ್ಲಿ ಸರದಿಯಂತೆ ಓದಿಸುವ ಒಂದು ಮಲ್ಟಿಪ್ಲೆಕ್ಸರ್ ಚಿಪ್ ಹಾಕಲೇಬೇಕು. ಅದು ತಂದು ಮೇಜಿನ ಮೇಲಿದೆ.